ಎರಡು ತಾರೀಖುಗಳ ನಡುವಿನ ಕೆಂಪು ಗೆರೆ

ನಮ್ಮ ಕಾನೂನು ಕಾಲೇಜಿನ ಸೆಮಿನಾರ್ ಕೊಠಡಿಯಲ್ಲಿ 2018ರ ಡಿಸೆಂಬರ್ ಕೊನೆಯ ವಾರ ನಾನು ಓದಿದ ಪ್ರಬಂಧ ಈಗಲೂ ನನ್ನ ಬಳಿ ಇದೆ. ತುಲನಾತ್ಮಕ ಕಾನೂನು ಕಲಿಸುತ್ತಿದ್ದ ಮೇಡಂ ನಮಗೆಲ್ಲ ಒಂದೊಂದು ದೇಶದ ಒಬ್ಬೊಬ್ಬ ಅಧಿಕಾರಿಯನ್ನು ಹಂಚಿಕೊಟ್ಟಿದ್ದರು. ನನ್ನ ಪಾಲಿಗೆ ಬಂದವರು ಚೀನಾದ ಅಂದಿನ ನ್ಯಾಯ ಸಚಿವ ಫೂ ಝೆಂಗ್‌ಹುವಾ.

ಪ್ರಬಂಧವನ್ನು ನಾನು ಮೆಚ್ಚುಗೆಯಿಂದಲೇ ಬರೆದಿದ್ದೆ. 1955ರಲ್ಲಿ ಹೆಬೇ ಪ್ರಾಂತ್ಯದಲ್ಲಿ ಹುಟ್ಟಿದ ಫೂ ಬೀಜಿಂಗ್ ಪೊಲೀಸ್ ಇಲಾಖೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ 2010ರಲ್ಲಿ ಅದರ ಮುಖ್ಯಸ್ಥರಾದವರು. ಅಧಿಕಾರ ವಹಿಸಿಕೊಂಡ ಕೆಲವೇ ತಿಂಗಳಲ್ಲಿ, ಯಾರೂ ಮುಟ್ಟಲಾರರೆಂದು ಜನ ನಂಬಿದ್ದ ರಾಜಧಾನಿಯ ಪ್ರಸಿದ್ಧ ನೈಟ್‌ಕ್ಲಬ್ಬಿನ ಮೇಲೆ ದಾಳಿ ನಡೆಸಿ ಬಾಗಿಲು ಹಾಕಿಸಿದರು. 2013ರಲ್ಲಿ ಸಾರ್ವಜನಿಕ ಭದ್ರತಾ ಖಾತೆಯ ಉಪ ಸಚಿವರಾದರು. ಇಡೀ ದೇಶದ ಪೊಲೀಸ್ ವ್ಯವಸ್ಥೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಝೌ ಯಾಂಗ್‌ಕಾಂಗ್ ವಿರುದ್ಧದ ತನಿಖೆಯ ಹೊಣೆಯೂ ಫೂ ಅವರದೇ ಎಂದು ಪತ್ರಿಕೆಗಳು ಬರೆದಿದ್ದವು. ದೊಡ್ಡವರಿಗೆ ಹೆದರದ ಪೊಲೀಸ್ ಅಧಿಕಾರಿಯೊಬ್ಬರು ನ್ಯಾಯ ಸಚಿವರಾಗಿದ್ದಾರೆ ಎಂಬುದೇ ನನ್ನ ವಾದವಾಗಿತ್ತು.

ಮೇಡಂ ಕೊನೆಯವರೆಗೂ ಮಾತಾಡದೆ ಕೇಳಿದರು. ಆಮೇಲೆ ಪತ್ರಿಕೆಯ ತುಣುಕೊಂದನ್ನು ಮೇಜಿನ ಮೇಲಿಟ್ಟರು. ಡಿಸೆಂಬರ್ 17ರಂದು ಬೀಜಿಂಗಿನಲ್ಲಿ ನಾಲ್ವರು ಹೆಂಗಸರು ತಲೆ ಬೋಳಿಸಿಕೊಂಡಿದ್ದ ಸುದ್ದಿ ಅದು. 2015ರ ಜುಲೈ 9ರಿಂದ ಚೀನಾದಲ್ಲಿ ಮುನ್ನೂರಕ್ಕೂ ಹೆಚ್ಚು ವಕೀಲರನ್ನು ಮತ್ತು ಹೋರಾಟಗಾರರನ್ನು ಪೊಲೀಸರು ಕರೆದೊಯ್ದು ವಿಚಾರಿಸಿದ್ದರು. ಹಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿದ್ದರು. ಅದನ್ನು ನಡೆಸಿದವರಲ್ಲಿ ಫೂ ಪ್ರಮುಖರೆಂದು ಅಲ್ಲಿನ ವಕೀಲರು ಹೇಳುತ್ತಿದ್ದರು. ಹೀಗೆ ಬಂಧಿತರಾದ ವಕೀಲ ವಾಂಗ್ ಚುವಾನ್‌ಝಾಂಗ್ ಅವರ ಮುಖವನ್ನು ಆ ನಾಲ್ವರಲ್ಲಿ ಒಬ್ಬರಾದ ಅವರ ಪತ್ನಿ ಲೀ ವೆನ್‌ಝು ಮೂರು ವರ್ಷದಿಂದ ಕಂಡಿರಲಿಲ್ಲ. ಚೀನೀ ಭಾಷೆಯಲ್ಲಿ ಕೂದಲಿಗೂ ಕಾನೂನಿಗೂ ‘ಫಾ’ ಎಂದೇ ಹೆಸರು, ಉಚ್ಚರಿಸುವ ಸ್ವರವಷ್ಟೇ ಬೇರೆ. ನಾವು ಕೂದಲಿಲ್ಲದೆ ಇರಬಲ್ಲೆವು, ನೀವು ಕಾನೂನಿಲ್ಲದೆ ಇರುವಂತಿಲ್ಲ ಎಂಬುದು ಆ ಹೆಂಗಸರ ಮಾತಿನ ಸಾರ. ಮೇಡಂ ಅದನ್ನು ವಿವರಿಸುವಾಗ ನನಗೆ ಗಂಟಲು ಕಟ್ಟಿತು.

“ಅಲ್ಲಪ್ಪ, ನಿನ್ನ ಪ್ರಬಂಧದಲ್ಲಿ ಒಬ್ಬ ವಕೀಲರೂ ಇಲ್ಲವಲ್ಲ?” ಎಂದರು.

ನಿಜವಾಗಿಯೂ ಇರಲಿಲ್ಲ. ಚೀನಾದಲ್ಲಿ ವಕೀಲರ ಸನ್ನದು ನ್ಯಾಯ ಖಾತೆಯ ಅಧೀನದಲ್ಲಿದೆ, ನಮ್ಮಲ್ಲಿರುವಂತೆ ವಕೀಲರ ಪರಿಷತ್ತಿನ ಕೈಯಲ್ಲಿಲ್ಲ. ಪೊಲೀಸ್ ಇಲಾಖೆಯಿಂದ ಬಂದವರು ಆ ಖಾತೆಯಲ್ಲಿ ಕುಳಿತರೆ ಆರೋಪಿಯ ಪಕ್ಕ ನಿಲ್ಲುವವರ ಗತಿಯೇನು ಎಂದು ನಾನು ಯೋಚಿಸಿಯೇ ಇರಲಿಲ್ಲ.

ವಾರದ ಬಳಿಕ ಪ್ರಬಂಧ ಕೈಗೆ ಮರಳಿತು. ಫೂ ಸಚಿವರಾದದ್ದು 2018ರ ಮಾರ್ಚ್ 19ರಂದು ಎಂದು ಎರಡನೆಯ ಪುಟದಲ್ಲಿ ಬರೆದಿದ್ದೆ. ಭ್ರಷ್ಟಾಚಾರದ ಆರೋಪ ಹೊತ್ತ ಅಧಿಕಾರಿಗಳನ್ನು ಮೂರು ತಿಂಗಳು, ಬೇಕಾದರೆ ಇನ್ನೂ ಮೂರು ತಿಂಗಳು ವಕೀಲರ ಭೇಟಿಗೆ ಅವಕಾಶವಿಲ್ಲದೆ ಇರಿಸಿಕೊಳ್ಳಬಹುದಾದ ಮೇಲ್ವಿಚಾರಣಾ ಕಾನೂನು ಚೀನಾದ ಸಂಸತ್ತಿನ ಅದೇ ಅಧಿವೇಶನದಲ್ಲಿ ಮಾರ್ಚ್ 20ರಂದು ಅಂಗೀಕಾರವಾಯಿತು ಎಂದು ಮೂರನೆಯ ಪುಟದಲ್ಲಿ ಬರೆದಿದ್ದೆ. ಮೇಡಂ ಎರಡು ಪುಟಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ತಾರೀಖಿನಿಂದ ಇನ್ನೊಂದಕ್ಕೆ ಕೆಂಪು ಗೆರೆ ಎಳೆದಿದ್ದರು. ಪಕ್ಕದಲ್ಲಿ “ನಾಳೆ ಇವರಿಗೇ ಬಂದರೆ?” ಎಂಬ ಬರಹ. ಬಂಧಿತರಿಗೆ ತಮ್ಮ ವಕೀಲರ ನೆರವು ಪಡೆಯುವ ಹಕ್ಕು ಕೊಡುವ ನಮ್ಮ ಸಂವಿಧಾನದ 22ನೆಯ ವಿಧಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದವನಿಗೆ ಅದು ಯಾರಿಗಾಗಿ ಇದೆ ಎಂಬುದು ಅರ್ಥವಾದದ್ದು ಆ ಗೆರೆಯಿಂದ.

2020ರ ವಸಂತದಲ್ಲಿ ಫೂ ಸಚಿವ ಸ್ಥಾನದಿಂದ ಇಳಿದರು. ವಾಂಗ್ ನಾಲ್ಕೂವರೆ ವರ್ಷದ ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದದ್ದೂ ಅದೇ ವರ್ಷದ ಏಪ್ರಿಲ್‌ನಲ್ಲಿ. 2021ರ ಅಕ್ಟೋಬರ್ 2ರಂದು ಫೂ ವಿರುದ್ಧ ತನಿಖೆಯ ಪ್ರಕಟಣೆ ಬಂತು. ಮರುವರ್ಷ ಜುಲೈನಲ್ಲಿ ಈಶಾನ್ಯ ಚೀನಾದ ಚಾಂಗ್‌ಚುನ್ ನಗರದ ನ್ಯಾಯಾಲಯದಲ್ಲಿ ಅವರು ತಪ್ಪೊಪ್ಪಿಕೊಂಡರು. 11.7 ಕೋಟಿ ಯುವಾನ್‌ಗೂ ಹೆಚ್ಚು ಲಂಚ ಪಡೆದದ್ದು ಮತ್ತು ತಮ್ಮನ ಗಂಭೀರ ಅಪರಾಧವನ್ನು ಮುಚ್ಚಿಹಾಕಿದ್ದು ಅವರ ಮೇಲಿನ ಆರೋಪಗಳು. 2022ರ ಸೆಪ್ಟೆಂಬರ್ 22ರಂದು ತೀರ್ಪು ಬಂತು: ಎರಡು ವರ್ಷ ತಡೆಹಿಡಿದ ಮರಣದಂಡನೆ, ಆಮೇಲೆ ರಿಯಾಯಿತಿಯೂ ಪೆರೋಲೂ ಇಲ್ಲದ ಜೀವಾವಧಿ. ವಕೀಲರನ್ನು ಹಿಡಿದೊಯ್ದದ್ದರ ಬಗ್ಗೆ ಆರೋಪಪಟ್ಟಿಯಲ್ಲಿ ಒಂದು ಮಾತೂ ಇರಲಿಲ್ಲ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಸುದ್ದಿ ಓದಿದ ಸಂಜೆ ನ್ಯಾಯಾಲಯದ ಆವರಣದಿಂದಲೇ ಮೇಡಂಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿದ್ದರು. “ನೀವು ಬರೆದಂತೆಯೇ ಆಯಿತು ಮೇಡಂ” ಎಂದೆ. ಅವರು ಸಂತೋಷಪಡಲಿಲ್ಲ.

“ಹಿಡಿದುಕೊಂಡು ಹೋದ ಮೇಲೆ ಮೊದಲ ಆರು ತಿಂಗಳು ಆ ಮನುಷ್ಯನ ಪರವಾಗಿ ಮಾತಾಡಲು ಯಾರಿದ್ದರಪ್ಪ?” ಎಂದು ಕೇಳಿದರು.