ಬ್ಯಾಟರಿಗೆ ಜಾಗ ಎಲ್ಲಿ?

ಇವತ್ತು ಆರ್‌ಸಿ ವಿಮಾನದ (ರಿಮೋಟ್‌ನಿಂದ ಹಾರಿಸುವ ಪುಟ್ಟ ವಿಮಾನ) ಹೊಟ್ಟೆ ತುಂಬಿಸುವ ಕೆಲಸ. ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್, ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿ, ವಿಮಾನ ತಿರುಗಿಸುವ ಪಟ್ಟಿಗಳನ್ನು ಆಡಿಸುವ ಎರಡು ಪುಟ್ಟ ಮೋಟರ್ (ಸರ್ವೋ), ಬ್ಯಾಟರಿ. ಜಾಗ ನೋಡಿದ್ರೆ ಟಿಫಿನ್ ಡಬ್ಬಿಯಷ್ಟು.

ಸರ್ವೋಗೆ ಹಾಟ್ ಗ್ಲೂ ಸಾಕು ಅಂತಾರೆ. ಅವರು ರಾಯಚೂರಿನ ಬೇಸಿಗೆ ನೋಡಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಗ್ಲೂ ಮೆತ್ತಗಾಗುತ್ತೆ. ಸುಮ್ನೆ ಸ್ಕ್ರೂ ಹಾಕಿದೆ. ರಿಸೀವರ್‌ನ ಎರಡು ಆಂಟೆನಾ ಒಂದಕ್ಕೊಂದು 90 ಡಿಗ್ರಿಯಲ್ಲಿ, ಇಎಸ್‌ಸಿಯಿಂದ ದೂರ. ಅದೂ ಮುಗಿಯಿತು.

ಸತಾಯಿಸಿದ್ದು ಬ್ಯಾಟರಿ. ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್), 11.1 ವೋಲ್ಟ್. ಒಳಗೆ ಇರುವುದರಲ್ಲಿ ಅದೇ ಜಾಸ್ತಿ ಭಾರ. ಪ್ಲಾನ್‌ನಲ್ಲಿ ‘ತೂಕ ಇಲ್ಲಿ ಸಮ ಬರಬೇಕು’ ಅಂತ ಗುರುತು ಹಾಕಿದ ಕಡೆ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದೆ. ಬಾಲ ಕೆಳಗೆ. ವೆಲ್ಕ್ರೋ ಚರ್ರನೆ ಕಿತ್ತು ಒಂದು ಬೆರಳು ಮುಂದೆ ಸರಿಸಿದೆ. ಈಗ ಮೂಗು ಕೆಳಗೆ. ಅರ್ಧ ಬೆರಳು ಹಿಂದೆ. ನೆಟ್ಟಗೆ ನಿಂತಿತು ನೋಡಿ!

ಒಂದು ಗ್ರಾಂ ಕೂಡ ಸೇರಿಸಿಲ್ಲ, ತೆಗೆದಿಲ್ಲ. ಕೂತ ಜಾಗ ಬದಲಾಯಿತು, ಅಷ್ಟೇ. ನಮ್ಮ ಆಫೀಸಲ್ಲೂ ಒಬ್ಬಿಬ್ಬರನ್ನು ಹೀಗೆ ಒಂದು ಟೇಬಲ್ ಆಚೆ ಸರಿಸಿದ್ರೆ ಸಾಕೇನೋ, ಅಲ್ವಾ? (ಯಾರು ಅಂತ ಕೇಳಬೇಡಿ.)

ಮೋಟರ್ ಟೆಸ್ಟ್ ನಾಳೆ. ಪ್ರೊಪೆಲ್ಲರ್ ಬಿಚ್ಚಿಟ್ಟು ಮಾಡ್ತೀನಿ, ಬೆರಳು ಇನ್ನೂ ಬೇಕು.