‘ಫಾಸ್ಟ್’ ಪದದ ನಕ್ಷೆ: ಬಣ್ಣದ ಕವಲು ಮುಗಿಯಿತು, ವೇಗದ ಕವಲು ಅರ್ಧಕ್ಕಿದೆ

ದಿನಬಳಕೆಯ ಇಂಗ್ಲಿಷ್ ಪದವೊಂದನ್ನು ಎತ್ತಿಕೊಂಡು ಅದರ ಅರ್ಥಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಕವಲು ಕವಲಾಗಿ ಬಿಡಿಸುವ ಕೆಲಸ ಮುಂದುವರಿದಿದೆ. ಈಗ ಕೈಯಲ್ಲಿರುವುದು ‘ಫಾಸ್ಟ್’. ಒಂದು ಅರ್ಥಕ್ಕೆ ಒಂದು ಚೀಟಿ. ಚೀಟಿಯ ಮುಂಬದಿಯಲ್ಲಿ ಒಂದು ವಾಕ್ಯ, ಆ ವಾಕ್ಯದಲ್ಲಿ ಅದರ ಜಾಗಕ್ಕೆ ಕೂರಬಲ್ಲ ಪದಗಳು, ಹಿಂಬದಿಯಲ್ಲಿ ವಿರುದ್ಧಪದ. ವಿರುದ್ಧಪದ ಬದಲಾದರೆ ಅರ್ಥವೂ ಬದಲಾಗಿದೆ ಎಂದು ಚೀಟಿಯನ್ನು ಎರಡು ಮಾಡುತ್ತೇನೆ. ಉದ್ದುದ್ದ ಸಮಾನಾರ್ಥಕ ಪಟ್ಟಿಗಳಿಗಿಂತ ಈ ಹಿಂಬದಿಯೇ ಹೆಚ್ಚು ಕೆಲಸಕ್ಕೆ ಬರುತ್ತಿದೆ.

ಫಾಸ್ಟ್ ಕಾರಿನ ಎದುರು ‘ಸ್ಲೋ’. ಫಾಸ್ಟಾಗಿ ಕಟ್ಟಿದ ಹಗ್ಗದ ಎದುರು ‘ಲೂಸ್’. ಇಷ್ಟು ಸಲೀಸು. ಗಡಿಯಾರ ಮಾತ್ರ ತಡೆದು ನಿಲ್ಲಿಸಿತು. ಅಲ್ಲಿಯೂ ವಿರುದ್ಧಪದ ‘ಸ್ಲೋ’ನೇ, ಆದರೆ ಐದು ನಿಮಿಷ ಮುಂದಿರುವ ಗಡಿಯಾರದ ಮುಳ್ಳುಗಳು ಸರಿಯಾದ ವೇಗದಲ್ಲೇ ತಿರುಗುತ್ತಿರಬಹುದು. ಇಲ್ಲಿ ‘ಕ್ವಿಕ್’, ‘ರ‍್ಯಾಪಿಡ್’ ಯಾವುದೂ ಕೂರುವುದಿಲ್ಲ. ಅದಕ್ಕೇ ಬೇರೆ ಚೀಟಿ.

ಬುಡ ಸ್ಪಷ್ಟವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಗಟ್ಟಿ, ಭದ್ರ, ಅಲುಗದ್ದು ಎಂಬುದೇ ಮುಖ್ಯ ಅರ್ಥ. ಜರ್ಮನ್ನಿನ ‘ಫೆಸ್ಟ್’ ಇಂದಿಗೂ ಆ ಅರ್ಥವನ್ನೇ ಉಳಿಸಿಕೊಂಡಿದೆ. ಬಿಗಿಯುವುದು ಎಂಬರ್ಥದ ‘ಫಾಸನ್’, ಅಚಲ ಎಂಬರ್ಥದ ‘ಸ್ಟೆಡ್‌ಫಾಸ್ಟ್’, ಗಾಢನಿದ್ದೆಯ ‘ಫಾಸ್ಟ್ ಅಸ್ಲೀಪ್’ ಎಲ್ಲವೂ ಈ ಬುಡದಿಂದಲೇ ಚಿಗುರಿದವು. ಉಪವಾಸದ ‘ಫಾಸ್ಟ್’ ಕೂಡ ಪರಕೀಯವಲ್ಲ: ನೇಮವನ್ನು ಬಿಗಿಯಾಗಿ ಹಿಡಿಯುವುದು ಎಂಬಲ್ಲಿಂದ ಅನ್ನ ಬಿಡುವುದಕ್ಕೆ ಬಂದಿದೆ. ಆ ಹಿಡಿತವನ್ನು ಮುರಿಯುವ ಊಟಕ್ಕೆ ‘ಬ್ರೇಕ್‌ಫಾಸ್ಟ್’ ಎಂಬ ಹೆಸರು 15ನೇ ಶತಮಾನದಿಂದ ಇದೆ.

ಹಾಗಾದರೆ ಅಲುಗದ್ದು ಓಡಿದ್ದು ಹೇಗೆ? ಈ ಕಂತಿನ ಹೆಚ್ಚು ಹೊತ್ತು ಹೋದದ್ದು ಇದಕ್ಕೇ. ಮೊದಲು ಜಾರಿದ್ದು ಕ್ರಿಯಾವಿಶೇಷಣ. ಗಟ್ಟಿಯಾಗಿ ಹಿಡಿ, ಗಟ್ಟಿಯಾಗಿ ಹೊಡೆ, ಬಲವಾಗಿ ಓಡು ಎಂದು ಸಾಗಿ, 1200ರ ಸುಮಾರಿಗೆ ‘ಬೇಗ’ ಎಂಬ ಅರ್ಥಕ್ಕೆ ತಲುಪಿತು. ವೇಗವುಳ್ಳ ವಸ್ತುವಿಗೆ ವಿಶೇಷಣವಾಗಿ ಕೂತದ್ದು 16ನೇ ಶತಮಾನದಲ್ಲಿ. ಕನ್ನಡದವರಿಗೆ ಈ ಜಾರುವಿಕೆ ಅಚ್ಚರಿಯೇನಲ್ಲ. ನಮ್ಮ ‘ಬಿರುಸು’ ಗಡಸುತನವೂ ಹೌದು, ಬಿರುಸಿನ ನಡಿಗೆಯ ವೇಗವೂ ಹೌದು. ‘ಗಟ್ಟಿಯಾಗಿ’ ಎಂಬುದು ಹಿಡಿತ ಬಿಟ್ಟು ದನಿಗೆ ಹೋದದ್ದೂ ಇದೇ ಬಗೆಯ ದಾರಿ. ಜರ್ಮನ್ನಿನಲ್ಲಿ ಇದೇ ಮೂಲದ ‘ಫಾಸ್ಟ್’ ಇನ್ನೊಂದು ದಿಕ್ಕು ಹಿಡಿದು, ‘ಹೆಚ್ಚುಕಡಿಮೆ’ ಎಂಬಲ್ಲಿ ನಿಂತಿದೆ.

ಬಣ್ಣದ ಕವಲನ್ನು ಪೂರ್ತಿ ಮಾಡಿದ್ದೇನೆ, ಮತ್ತು ಇಡೀ ಹಾಳೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ತೊಳೆದರೂ ಬಿಸಿಲಿಗಿಟ್ಟರೂ ಹೋಗದ ಬಣ್ಣ ‘ಫಾಸ್ಟ್’. ಇದನ್ನು ಅಳೆಯಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 105 ಎಂಬ ಮಾನದಂಡಗಳ ಸರಣಿಯೇ ಇದೆ. ತೊಳೆದಾಗಿನ ಬದಲಾವಣೆಯನ್ನು ಬೂದು ಪಟ್ಟಿಯೊಂದಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ. ಬೆಳಕಿಗೆ ನೀಲಿ ಉಣ್ಣೆಯ ಪಟ್ಟಿಗಳೊಂದಿಗೆ ಹೋಲಿಸಿ 1ರಿಂದ 8. ಅಂಕ ಹೆಚ್ಚಿದ್ದಷ್ಟೂ ಬಣ್ಣ ಗಟ್ಟಿ. ಚೀಟಿಯ ಹಿಂಬದಿಯಲ್ಲಿ ಬರೆದದ್ದು ‘ಫ್ಯೂಜಿಟಿವ್’. ಬೆಳಕಿಗೆ ಮಾಸುವ ಬಣ್ಣಗಳನ್ನು ಚಿತ್ರಕಾರರು ಕರೆಯುವುದೇ ಹಾಗೆ, ತಪ್ಪಿಸಿಕೊಂಡು ಓಡುವಂಥವು ಎಂದು. ಅಂದರೆ ಈ ಕವಲಿನಲ್ಲಿ ಓಡುವುದು ಫಾಸ್ಟ್ ಅಲ್ಲದ್ದು! ಇದರ ಪಕ್ಕದಲ್ಲೇ ‘ಆ್ಯಸಿಡ್-ಫಾಸ್ಟ್’ ಚೀಟಿಯನ್ನು ಅಂಟಿಸಿದ್ದೇನೆ. ಕ್ಷಯದ ಬ್ಯಾಕ್ಟೀರಿಯಾಗಳಿಗೆ ಒಮ್ಮೆ ಬಣ್ಣ ಹಿಡಿಸಿದರೆ ಆಮ್ಲದಲ್ಲಿ ತೊಳೆದರೂ ಬಿಡುವುದಿಲ್ಲ; ಅವುಗಳ ಮೇಣದಂಥ ಹೊರಪದರ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕ್ಯಾಮೆರಾ ಲೆನ್ಸಿನ ಚೀಟಿ ಬೇಗ ಮುಗಿಯಿತು. ಫಾಸ್ಟ್ ಲೆನ್ಸಿನಲ್ಲಿ ವೇಗವಾಗಿ ಚಲಿಸುವುದು ಯಾವುದೂ ಇಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ರಂಧ್ರ ದೊಡ್ಡದು: ಎಫ್/2 ರಂಧ್ರದಲ್ಲಿ ಎಫ್/4ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಬರುತ್ತದೆ, ಹಾಗಾಗಿ ಶಟರ್ ಕಾಲು ಭಾಗ ಸಮಯ ತೆರೆದಿದ್ದರೆ ಸಾಕು. ವೇಗ ಶಟರಿನದು, ಹೆಸರು ಲೆನ್ಸಿಗೆ. ಸಮಾನಾರ್ಥಕ ‘ಬ್ರೈಟ್’ ಎಂದು ಬರೆದಿದ್ದೇನೆ. ‘ಫಾಸ್ಟ್ ಬ್ರೀಡರ್’ ಅಣುಸ್ಥಾವರವೂ ಇದೇ ಗುಂಪಿಗೆ ಸೇರಿತು: ಅಲ್ಲಿ ಫಾಸ್ಟ್ ಆಗಿರುವುದು ನ್ಯೂಟ್ರಾನ್.

ಅರ್ಧಕ್ಕೆ ನಿಂತಿರುವುದು ಎಲ್ಲರಿಗೂ ಗೊತ್ತಿರುವ ವೇಗದ ಕವಲು. ನಾಲ್ಕು ಪದಗಳನ್ನು ಒಂದೇ ವಾಕ್ಯದಲ್ಲಿ ಇಟ್ಟು ನೋಡುತ್ತಿದ್ದೇನೆ. ‘ಕ್ವಿಕ್ ಲುಕ್’ ಸರಿ, ‘ಫಾಸ್ಟ್ ಲುಕ್’ ಒಪ್ಪುವುದಿಲ್ಲ. ಚುಟುಕಾಗಿ ಮುಗಿಯುವ ಕೆಲಸಕ್ಕೆ ಕ್ವಿಕ್. ಚಲಿಸುತ್ತಲೇ ಇರುವ ವಸ್ತುವಿಗೆ ಫಾಸ್ಟ್. ನಾಡಿಬಡಿತದಂಥ ಮರುಕಳಿಕೆಗೆ, ಬೆಳವಣಿಗೆಯ ದರಕ್ಕೆ ರ‍್ಯಾಪಿಡ್. ‘ಸ್ವಿಫ್ಟ್’ಗೆ ಇನ್ನೂ ತೃಪ್ತಿಕರ ವಾಕ್ಯ ಸಿಕ್ಕಿಲ್ಲ, ನದಿಯ ಹರಿವಿನ ಉದಾಹರಣೆ ಹತ್ತಿರ ಬಂದಿದೆ. ಕ್ವಿಕ್‌ನ ಹಳೆಯ ಅರ್ಥ ‘ಜೀವಂತ’. ಪಾದರಸಕ್ಕೆ ‘ಕ್ವಿಕ್‌ಸಿಲ್ವರ್’ ಎಂದದ್ದು ಅದಕ್ಕೇ. ಕ್ವಿಕ್‌ಗೆ ಪ್ರತ್ಯೇಕ ಹಾಳೆಯೇ ಬೇಕು.

ಮುಂದಿನ ಕಂತಿಗೆ ಉಳಿದದ್ದು ಸ್ವಚ್ಛಂದ ಬದುಕಿನ ‘ಫಾಸ್ಟ್ ಲೈಫ್’ ಮತ್ತು ‘ಫಾಸ್ಟ್ ಆ್ಯಂಡ್ ಲೂಸ್’. ಎರಡನೆಯದು 16ನೇ ಶತಮಾನದ ಒಂದು ಮೋಸದಾಟದ ಹೆಸರು. ಮಡಚಿದ ಪಟ್ಟಿಯೊಳಗೆ ಕಡ್ಡಿ ಚುಚ್ಚಿ, ಸಿಕ್ಕಿಕೊಂಡಿದೆ ಎಂದು ನಂಬಿಸಿ, ಪಟ್ಟಿಯನ್ನು ಸಲೀಸಾಗಿ ಎಳೆದು ತೆಗೆಯುತ್ತಿದ್ದರು. ಅದನ್ನು ಬಿಗಿಯ ಕವಲಿನ ತುದಿಗೆ, ‘ಲೂಸ್’ ಚೀಟಿಯ ಪಕ್ಕದಲ್ಲಿ ಇಡುವ ಯೋಚನೆಯಿದೆ.