ತಕಾರಕ್ಕೆ ತ ಒತ್ತು

ಅಕ್ಕನ ಮಗಳು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಎಂಟನೇ ಕ್ಲಾಸು. ಕಳೆದ ವರ್ಷ ಶಾಲೆಯಲ್ಲಿ ಚಾರ್ಟ್ ತೋರಿಸಿ ಮಾತಾಡುವ ಸ್ಪರ್ಧೆ ಇತ್ತು. ಅವಳು ಆರಿಸಿಕೊಂಡದ್ದು ಇಟಲಿಯ ಫ್ಲಾರೆನ್ಸಿನ ಗಂಟೆಗೋಪುರ. ಭಾನುವಾರ ಬೆಳಿಗ್ಗೆಯೇ ಚಾರ್ಟ್ ಸುರುಳಿ ಸುತ್ತಿಕೊಂಡು ಬಂದಳು. ಬಿಚ್ಚಿದರೆ ಮೇಲೆ ದಪ್ಪ ಅಕ್ಷರದಲ್ಲಿ ‘ಜಿಯೋಟ್ಟೋ ಕ್ಯಾಂಪನೈಲ್’.

“ಎಂತ ಇದು? ಜಿಯೋಟ್ಟೋ ಅಲ್ಲ, ಗಿಯೊಟ್ಟೊ. ಗಿಫ್ಟ್ ಹೇಳುವುದಿಲ್ವಾ, ಹಾಗೆ” ಅಂದೆ. ಪಾಪ, ವೈಟ್ನರ್ ಹಚ್ಚಿ ತಿದ್ದಿದಳು.

ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ಗೋಪುರಕ್ಕೆ ಯಾರ ಹೆಸರಿದೆಯೋ ಆತ ಚಿತ್ರಕಾರನಾಗಿ ಹೆಸರಾದವನು. 1334ರಲ್ಲಿ ಗೋಪುರದ ಕೆಲಸ ಶುರು ಮಾಡಿದ. ಮೂರೇ ವರ್ಷಕ್ಕೆ, 1337ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಎದ್ದದ್ದು ಕೆಳಗಿನ ಒಂದು ಅಂತಸ್ತು. ಆಮೇಲೆ ಆಂದ್ರೆಯಾ ಪಿಸಾನೊ ಮುಂದುವರಿಸಿದ. 1359ಕ್ಕೆ ಮುಗಿಸಿದವನು ಫ್ರಾನ್ಚೆಸ್ಕೊ ತಾಲೆಂತಿ. ಸುಮಾರು 85 ಮೀಟರ್ ಎತ್ತರ, 414 ಮೆಟ್ಟಿಲು.

“ಮೂರು ಜನ ಕಟ್ಟಿದ್ರೂ ಹೆಸರು ಒಬ್ಬನದ್ದೇ ಯಾಕೆ ಮಾವ?”

ನನಗೆ ಉತ್ತರ ಹೊಳೆಯಲಿಲ್ಲ. ಮಾತು ತಪ್ಪಿಸಲು, ರೋಮಿನಲ್ಲಿ ಓದಿ ಬಂದ ಪರಿಚಯದ ಫಾದರ್ ಒಬ್ಬರಿಗೆ ಫೋನ್ ಮಾಡಿದೆ. ನನ್ನ ಗಿಯೊಟ್ಟೊ ಸರಿ ಅಂತ ಅವರ ಬಾಯಲ್ಲೇ ಹೇಳಿಸುವ ಆಸೆ. ಸ್ಪೀಕರ್ ಬೇರೆ ಹಾಕಿದ್ದೆ.

“ಜೊತ್ತೊ” ಅಂದರು ಫಾದರ್. “Giotto ಅಂತ ಬರೆಯುವಾಗ ಬರುವ ಆ ‘ಐ’ ಅಕ್ಷರ ಓದುವುದಕ್ಕಲ್ಲ ಮಾರಾಯ್ರೆ. ಗ ಆಗುವುದನ್ನು ಜ ಮಾಡಿ ಸುಮ್ನೆ ಕೂರುತ್ತದೆ. ಮತ್ತೆ ಅವರಲ್ಲಿ ನಮ್ಮ ಟ ಇಲ್ಲ. ತಕಾರಕ್ಕೆ ತ ಒತ್ತು ಕೊಡಿ, ಆಯ್ತು.”

ಗೋಪುರದ ಹೆಸರೂ ಕ್ಯಾಂಪನೈಲ್ ಅಲ್ಲ, ಕಂಪನೀಲೆ. ಗಂಟೆಗೆ ಅಲ್ಲಿ ಕಂಪಾನ ಅಂತಾರೆ. ಗಂಟೆ ಇರುವ ಗೋಪುರ ಕಂಪನೀಲೆ, ‘ನೀ’ ಎಳೆದು ಹೇಳಬೇಕು. ಊರಿನವರ ಬಾಯಲ್ಲಿ ‘ಕಂಪನೀಲೆ ದಿ ಜೊತ್ತೊ’. “ಗಂಟೆ ಹೊಡೆದ್ರೆ ಕಂಪನ!” ಅಂತ ಹುಡುಗಿ ಕುಣಿದಳು. ಎರಡು ಶಬ್ದಗಳಿಗೂ ಸಂಬಂಧವೇನಿಲ್ಲ. ಆದರೆ ನೆನಪಿಡಲು ಅದಕ್ಕಿಂತ ಒಳ್ಳೆಯದು ಬೇಕಾ?

ನನಗೆ ನಾಚಿಕೆಯಾದದ್ದು ಒತ್ತಕ್ಷರದ ವಿಷಯದಲ್ಲಿ. ಕತೆ ಬೇರೆ, ಕತ್ತೆ ಬೇರೆ ಅಂತ ಒಂದನೇ ಕ್ಲಾಸಿನಲ್ಲೇ ಕಲಿತವರು ನಾವು. ಇಟಲಿಯವರೂ ಹಾಗೆಯೇ, ಜೋಡಿ ಅಕ್ಷರವನ್ನು ಒತ್ತಿಯೇ ಹೇಳುವವರು. ಅವರ ಹೆಸರು ಬರೆಯಲು ನಮ್ಮ ಲಿಪಿಯಲ್ಲಿ ತ, ಟ ಬೇರೆಬೇರೆ ಇವೆ, ಒತ್ತೂ ಇದೆ. ನಾನು ಮಾತ್ರ ಇಂಗ್ಲಿಷ್ ಅಕ್ಷರ ನೋಡಿ ಗಿಯೊಟ್ಟೊ ಮಾಡಿ ಕೂತಿದ್ದೆ.

“ಮೊನ್ನೆ ಬಸ್ಸಲ್ಲಿ ಕಂಡಕ್ಟರಿಗೆ ಹೇಳಿದ್ರಲ್ಲ ಮಾವ, ಮಂಜೇಶ್ವರಂ ಅಲ್ಲ ಮಂಜೇಶ್ವರ, ಕುಂಬಳ ಅಲ್ಲ ಕುಂಬಳೆ ಅಂತ?” ಅಂದಳು.

ಹೇಳಿದ್ದೆ. ಹನ್ನೆರಡು ರೂಪಾಯಿಯ ಟಿಕೆಟಿಗೆ ಐದು ನಿಮಿಷ ಭಾಷಣ ಮಾಡಿದ್ದೆ.

ವೈಟ್ನರ್ ಮೇಲೆ ಮತ್ತೊಮ್ಮೆ ವೈಟ್ನರ್ ಬಿತ್ತು. ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ಅಷ್ಟು ದಪ್ಪ ಬಿಳಿ ಕಲೆ ಎಂತದ್ದು ಅಂತ ತೀರ್ಪುಗಾರರು ಕೇಳಿದರಂತೆ.

“ಅದರ ಅಡಿಯಲ್ಲಿ ನಮ್ಮ ಮಾವ ಇದ್ದಾರೆ ಸರ್” ಅಂದಳಂತೆ.